ಡಿಸ್ಕ್ ಎರಡಾದರೂ ಹೆಬ್ಬಾಗಿಲು ಒಂದೇ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಕೂಡ ತಕ್ಕಮಟ್ಟಿಗೆ ಹೊಸದಾಗಿರಬೇಕು. ಇವೆರಡೂ ಇಲ್ಲದ, ಆದರೆ ಇನ್ನೂ ಚೆನ್ನಾಗಿಯೇ ಓಡುತ್ತಿರುವ ಕಂಪ್ಯೂಟರ್‌ಗಳು ನಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿ, ಡಿಟಿಪಿ ಕೇಂದ್ರಗಳಲ್ಲಿ ಬೇಕಾದಷ್ಟಿವೆ. ಅವನ್ನು ಗುಜರಿಗೆ ಹಾಕದೆ, ಒಂದು ಎಸ್‌ಎಸ್‌ಡಿ ತಂದು ಅದರಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಂಡು, ಹಳೆಯ ಹಾರ್ಡ್ ಡಿಸ್ಕಿನಲ್ಲಿ ವಿಂಡೋಸನ್ನು ಹಾಗೆಯೇ ಬಿಟ್ಟುಕೊಳ್ಳುವುದು ಒಳ್ಳೆಯ ದಾರಿ. ಟ್ಯಾಲಿ ಲೆಕ್ಕ, ನುಡಿ ಅಕ್ಷರದಲ್ಲಿ ಕೂಡಿಸಿಟ್ಟ ಹಳೆಯ ಪೇಜ್‌ಮೇಕರ್ ಫೈಲುಗಳು, ಡಿಜಿಟಲ್ ಸಹಿಯ ಟೋಕನ್ – ಇಂಥವಕ್ಕಾಗಿ ವಿಂಡೋಸ್ ಬೇಕೇಬೇಕಾಗುತ್ತದೆ. ಉಳಿದ ದಿನದ ಕೆಲಸಕ್ಕೆ ಲಿನಕ್ಸ್ ಸಾಕು.

ಇಂಥ ಯಂತ್ರ ಒಂದು ಬೆಳಿಗ್ಗೆ ಏಳುವುದಿಲ್ಲ. ಕಪ್ಪು ಪರದೆ, ಇಂಗ್ಲಿಷಿನಲ್ಲಿ ಒಂದು ಸಾಲು, ಮುಂದೇನೂ ಇಲ್ಲ. ಅಂಗಡಿಗೆ ಒಯ್ದರೆ ಸಿಗುವ ಉತ್ತರ ಬಹುತೇಕ ಒಂದೇ: ‘ಫಾರ್ಮ್ಯಾಟ್ ಹೊಡೀಬೇಕು ಸಾರ್, ಎರಡೂ ಹೊಸದಾಗಿ ಹಾಕಬೇಕು.’ ಈ ಮಾತಿಗೆ ತಲೆಯಾಡಿಸುವ ಮುನ್ನ ಸ್ವಲ್ಪ ತಡೆಯಿರಿ ಎಂದು ಹೇಳುವುದಕ್ಕೇ ಈ ಅಂಕಣ. ಡಿಸ್ಕೇ ಕೆಟ್ಟಿದ್ದರೆ ಬೇರೆ ಮಾತು. ಅದೊಂದನ್ನು ಬಿಟ್ಟರೆ ಸಾಮಾನ್ಯವಾಗಿ ವಿಂಡೋಸೂ ಕೆಟ್ಟಿರುವುದಿಲ್ಲ, ಲಿನಕ್ಸೂ ಕೆಟ್ಟಿರುವುದಿಲ್ಲ. ನಿಮ್ಮ ಫೋಟೊ, ಫೈಲು, ಲೆಕ್ಕಪತ್ರ ಎಲ್ಲ ಇದ್ದಲ್ಲೇ ಇರುತ್ತವೆ. ತಪ್ಪಿರುವುದು ಅವುಗಳವರೆಗೆ ಹೋಗುವ ದಾರಿ. ಆ ದಾರಿ ಎಲ್ಲಿ ತಪ್ಪಿದೆ ಎಂದು ಹುಡುಕುವುದು ಕಷ್ಟದ ಕೆಲಸವಲ್ಲ. ಅದಕ್ಕೆ ಬೇಕಾದದ್ದು ತಾಳ್ಮೆ ಮತ್ತು ಒಂದು ಪೆನ್‌ಡ್ರೈವ್.

ಪವರ್ ಬಟನ್ ಒತ್ತಿದ ಮೊದಲ ಕೆಲವು ಸೆಕೆಂಡುಗಳಲ್ಲಿ ಏನಾಗುತ್ತದೆ ಎಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಮದರ್‌ಬೋರ್ಡಿನಲ್ಲಿರುವ ಯುಇಎಫ್‌ಐ ಎಂಬ ಪುಟ್ಟ ತಂತ್ರಾಂಶ ಎಲ್ಲಕ್ಕಿಂತ ಮೊದಲು ಎದ್ದುಕೊಳ್ಳುತ್ತದೆ. ಹಳೆಯ ರೂಢಿಯಿಂದ ನಾವು ಇದನ್ನು ಈಗಲೂ ಬಯೋಸ್ ಎಂದೇ ಕರೆಯುತ್ತೇವೆ. ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಅದಕ್ಕೊಂದು ಪಟ್ಟಿ ಇರುತ್ತದೆ: ಮೊದಲು ಯಾವುದನ್ನು ಎಬ್ಬಿಸಬೇಕು, ಅದಾಗದಿದ್ದರೆ ಯಾವುದನ್ನು, ಅದೂ ಆಗದಿದ್ದರೆ ಯಾವುದನ್ನು ಎಂದು. ಪಟ್ಟಿಯ ಪ್ರತಿ ಸಾಲಿನಲ್ಲೂ ಒಂದು ಪಾರ್ಟಿಷನ್ನಿನ ಗುರುತು, ಅದರೊಳಗಿನ ಒಂದು ಫೈಲಿನ ಹೆಸರು. ಆ ಪಾರ್ಟಿಷನ್ನಿಗೆ ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎಂದು ಹೆಸರು. ಅದು ಎಫ್‌ಎಟಿ32 ಮಾದರಿಯದು, ವಿಂಡೋಸ್ ತಾನಾಗಿ ಮಾಡಿದ್ದರೆ ಸಾಮಾನ್ಯವಾಗಿ 100 ಎಂಬಿ ಇರುತ್ತದೆ. ಮೈ ಕಂಪ್ಯೂಟರ್ ತೆರೆದರೆ ಕಾಣುವುದಿಲ್ಲ. ವಿಂಡೋಸಿನ ಬೂಟ್ ಮ್ಯಾನೇಜರ್, ಲಿನಕ್ಸಿನ ಗ್ರಬ್ ಇವೆರಡೂ ಕೂರುವುದು ಅಲ್ಲಿಯೇ, ತಮ್ಮ ತಮ್ಮ ಫೋಲ್ಡರುಗಳಲ್ಲಿ. ಒಂದು ಟಿಬಿ ಡಿಸ್ಕಿನ ಬಾಗಿಲನ್ನು ತೆಗೆಯುವುದು ಕೆಲವೇ ಎಂಬಿಯ ಈ ಫೈಲುಗಳು.

ಎರಡು ಡಿಸ್ಕುಗಳಲ್ಲಿ ಎರಡು ಒಎಸ್ (ಆಪರೇಟಿಂಗ್ ಸಿಸ್ಟಂ) ಇಟ್ಟುಕೊಂಡವರಿಗೆ ಒಂದು ದೃಢವಾದ ನಂಬಿಕೆ ಇರುತ್ತದೆ: ‘ಡಿಸ್ಕ್ ಬೇರೆ ಬೇರೆ, ಆದ್ದರಿಂದ ಒಂದರ ತಂಟೆಗೆ ಇನ್ನೊಂದು ಬರುವುದಿಲ್ಲ.’ ಈ ನಂಬಿಕೆ ಅರ್ಧ ಮಾತ್ರ ಸರಿ. ಮನೆ ಎರಡು ಕಟ್ಟಿಸಿದರೂ ಕಾಂಪೌಂಡಿನ ಗೇಟು ಒಂದೇ ಇದ್ದಂತೆ ಇದು. ಬೂಟ್ ಪಟ್ಟಿ ಒಂದೇ, ನಂಬಿಕಸ್ಥ ಬೂಟ್ ಫೈಲುಗಳನ್ನಷ್ಟೇ ಒಳಗೆ ಬಿಡುವ ಸೆಕ್ಯೂರ್ ಬೂಟಿನ ಭದ್ರತಾ ದಾಖಲೆ ಒಂದೇ, ಗಡಿಯಾರ ಒಂದೇ. ಇವು ಯಾವ ಡಿಸ್ಕಿನಲ್ಲೂ ಇಲ್ಲ, ಮದರ್‌ಬೋರ್ಡಿನಲ್ಲಿವೆ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಲಿನಕ್ಸನ್ನು ಎರಡನೆಯ ಡಿಸ್ಕಿಗೆ ಹಾಕಿದರೂ ಅದರ ಬೂಟ್ ಲೋಡರ್, ಅಂದರೆ ಗ್ರಬ್, ಮೊದಲನೆಯ ಡಿಸ್ಕಿಗೆ ಹೋಗಿ ಕೂತಿರಬಹುದು. ಉಬುಂಟುವಿನ ಹಳೆಯ ಇನ್‌ಸ್ಟಾಲರಿನಲ್ಲಿ ಬೂಟ್ ಲೋಡರ್ ಯಾವ ಡಿಸ್ಕಿಗೆ ಹೋಗಬೇಕೆಂದು ಕೇಳುವ ಒಂದು ಜಾಗವಿತ್ತು. ಬಳಕೆದಾರ ಎರಡನೆಯ ಡಿಸ್ಕನ್ನು ಆರಿಸಿದರೂ ಅದು ಕಂಡ ಮೊದಲ ಇಎಫ್‌ಐ ಪಾರ್ಟಿಷನ್ನಿಗೇ ಬರೆದುಬಿಡುತ್ತಿತ್ತು. 2014ರಲ್ಲೇ ದಾಖಲಾದ ಈ ದೋಷ ವರ್ಷಗಟ್ಟಲೆ ಹಾಗೆಯೇ ಉಳಿಯಿತು. ಅದೇ ಇನ್‌ಸ್ಟಾಲರನ್ನು ಬಳಸಿಕೊಂಡ ಲಿನಕ್ಸ್ ಮಿಂಟ್‌ಗೂ ಅದು ಅಂಟಿಕೊಂಡಿತು. ವಿಂಡೋಸ್ ಇನ್‌ಸ್ಟಾಲರ್ ಕೂಡ ಕಡಿಮೆಯೇನಲ್ಲ. ಬೇರೆ ಡಿಸ್ಕಿನಲ್ಲಿ ಮೊದಲೇ ಒಂದು ಇಎಫ್‌ಐ ಪಾರ್ಟಿಷನ್ ಕಂಡರೆ, ಹೊಸದನ್ನು ಮಾಡುವ ಬದಲು ಅಲ್ಲಿಯೇ ತನ್ನ ಬೂಟ್ ಮ್ಯಾನೇಜರನ್ನು ಇಟ್ಟು ಬರುವುದುಂಟು.

ಕೆಲಸವೆಲ್ಲ ಸುಸೂತ್ರವಾಗಿ ನಡೆಯುವಾಗ ಇದು ಯಾರಿಗೂ ಗೊತ್ತಾಗುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಸದ್ದು ಮಾಡತೊಡಗಿತೆಂದು ಅದನ್ನು ತೆಗೆದ ದಿನ, ಅಥವಾ ವಿಂಡೋಸ್ ಸಾಕೆಂದು ಆ ಡಿಸ್ಕನ್ನು ಅಳಿಸಿದ ದಿನ, ಲಿನಕ್ಸ್ ಕೂಡ ಮಾಯವಾಗುತ್ತದೆ. ಆ ಹೊತ್ತಿನಲ್ಲಿ ಮನುಷ್ಯನಿಗೆ ಆಗುವ ಗಾಬರಿ ಸಣ್ಣದಲ್ಲ. ಲಿನಕ್ಸ್ ಇರುವ ಎಸ್‌ಎಸ್‌ಡಿ ಮಾತ್ರ ಆಗಲೂ ಹಾಗೆಯೇ ಇರುತ್ತದೆ, ಒಂದು ಫೈಲೂ ಹೋಗಿರುವುದಿಲ್ಲ.

ಹಾಗಾದರೆ ಹುಡುಕುವುದು ಎಲ್ಲಿಂದ? ಪರದೆಯ ಮೇಲಿನ ಸಾಲಿನ ಫೋಟೊ ತೆಗೆದುಕೊಳ್ಳುವುದರಿಂದ. ಯಂತ್ರ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಆ ಒಂದು ಸಾಲು ಹೇಳುತ್ತದೆ. ‘ನೋ ಬೂಟಬಲ್ ಡಿವೈಸ್’ ಎಂಬರ್ಥದ ಮಾತಿದ್ದರೆ ಯುಇಎಫ್‌ಐಗೆ ಯಾವ ಬೂಟ್ ಫೈಲೂ ಸಿಕ್ಕಿಲ್ಲ. ‘ಗ್ರಬ್’ ಎಂದು ಬರೆದು ಪಕ್ಕದಲ್ಲಿ ಕರ್ಸರ್ ಮಿನುಗುತ್ತಿದ್ದರೆ ಬೂಟ್ ಲೋಡರ್ ಸಿಕ್ಕಿದೆ, ಆದರೆ ತನ್ನ ಮೆನು ಇರುವ ಲಿನಕ್ಸ್ ಪಾರ್ಟಿಷನ್ ಅದಕ್ಕೆ ಕಾಣುತ್ತಿಲ್ಲ. ನೀಲಿ ಪರದೆ ಬಂದು ವಿಂಡೋಸ್ ದುರಸ್ತಿಯ ಮಾತಾಡಿದರೆ ವಿಂಡೋಸಿನ ಬೂಟ್ ಮ್ಯಾನೇಜರಾದರೂ ಎದ್ದಿದೆ ಎಂದಾಯಿತು. ಸಾಲುಸಾಲಾಗಿ ಅಕ್ಷರಗಳು ಓಡಿ ‘ಎಮರ್ಜೆನ್ಸಿ ಮೋಡ್’ ಎಂದು ನಿಂತರೆ ಲಿನಕ್ಸ್ ಏಳಲು ಶುರುಮಾಡಿದೆ, ನಡುವೆ ಬೇರೇನೋ ಅದರ ಕಾಲಿಗೆ ತೊಡರಿದೆ. ಈ ನಾಲ್ಕಕ್ಕೂ ಔಷಧ ಬೇರೆ ಬೇರೆ. ‘ಸಿಸ್ಟಂ ಆನ್ ಆಗ್ತಿಲ್ಲ’ ಎಂದಷ್ಟೇ ಹೇಳಿದರೆ ಎಷ್ಟು ಒಳ್ಳೆಯ ಮೆಕ್ಯಾನಿಕ್ಕಾದರೂ ಕತ್ತಲಲ್ಲಿ ಕೈಯಾಡಿಸಬೇಕಾಗುತ್ತದೆ.

ಮುಂದಿನ ಹೆಜ್ಜೆ ಬೂಟ್ ಮೆನು. ಡೆಲ್, ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸೂಸ್ ಮದರ್‌ಬೋರ್ಡುಗಳಲ್ಲಿ ಎಫ್8. ಪವರ್ ಒತ್ತಿದ ಕೂಡಲೇ ಆ ಕೀಲಿಯನ್ನು ಬಿಟ್ಟುಬಿಟ್ಟು ಒತ್ತುತ್ತಿರಿ. ಬರುವ ಪಟ್ಟಿಯಿಂದ ಒಂದೊಂದನ್ನೇ ಆರಿಸಿ ನೋಡಿ. ಇಲ್ಲಿಂದ ಎರಡೂ ಒಎಸ್ ಎದ್ದರೆ ಕೆಟ್ಟಿರುವುದು ಏನೂ ಇಲ್ಲ, ಸರದಿ ಬದಲಾಗಿದೆ ಅಷ್ಟೆ. ವಿಂಡೋಸಿನ ದೊಡ್ಡ ಅಪ್‌ಡೇಟ್ ಆದಮೇಲೆ ಅಥವಾ ಬಯೋಸ್ ಅಪ್‌ಡೇಟ್ ಆದಮೇಲೆ ವಿಂಡೋಸ್ ಬೂಟ್ ಮ್ಯಾನೇಜರ್ ಪಟ್ಟಿಯ ತಲೆಗೆ ಬಂದು ಕೂರುವುದು ತೀರಾ ಸಾಮಾನ್ಯ. ಬಯೋಸಿನ ಸೆಟಪ್ಪಿಗೆ ಹೋಗಿ ಸರದಿಯನ್ನು ಮೊದಲಿದ್ದಂತೆ ಮಾಡಿದರೆ ಮುಗಿಯಿತು. ಇಷ್ಟಕ್ಕೇ ಫಾರ್ಮ್ಯಾಟ್ ಮಾಡಿಸಿಕೊಂಡು ವರ್ಷಗಳ ಫೋಟೊ ಕಳೆದುಕೊಂಡವರನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಲಿನಕ್ಸ್ ಎದ್ದರೆ, ಅಥವಾ ಪೆನ್‌ಡ್ರೈವಿನಿಂದ ಲೈವ್ ಲಿನಕ್ಸ್ (ಡಿಸ್ಕಿಗೆ ಹಾಕದೆಯೇ ಓಡುವ ಲಿನಕ್ಸ್) ಎಬ್ಬಿಸಿಕೊಂಡರೆ, ಯುಇಎಫ್‌ಐಯ ಪಟ್ಟಿಯನ್ನು ಕಣ್ಣಾರೆ ನೋಡಬಹುದು. ಟರ್ಮಿನಲ್ಲಿನಲ್ಲಿ ಇಎಫ್‌ಐಬೂಟ್‌ಎಂಜಿಆರ್ ಎಂಬ ಕಮಾಂಡ್ ಕೊಟ್ಟು, ವಿವರ ಬೇಕೆಂದು ‘ವಿ’ ಆಯ್ಕೆ ಸೇರಿಸಿ. ಮೇಲೆ ಈಗಿನ ಸರದಿ ಬರುತ್ತದೆ, 0003, 0000, 0001 ಎಂಬಂತೆ. ಕೆಳಗೆ ಆ ಒಂದೊಂದು ಸಂಖ್ಯೆಗೂ ಒಂದು ಸಾಲು. 0000 ಎಂಬಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಎಂದಿರುತ್ತದೆ, 0003 ಎಂಬಲ್ಲಿ ಉಬುಂಟು ಎಂದಿರುತ್ತದೆ ಎನ್ನಿ. ಹೆಸರಿನ ಮುಂದೆ ಆವರಣದೊಳಗೆ ಅಕ್ಷರ, ಅಂಕಿ ಬೆರೆತ ಒಂದು ಉದ್ದ ಗುರುತು. ಅದೇ ಇಎಫ್‌ಐ ಪಾರ್ಟಿಷನ್ನಿನ ಗುರುತು. ಈಗ ಎರಡೂ ಸಾಲಿನ ಗುರುತುಗಳನ್ನು ಪಕ್ಕಪಕ್ಕ ಇಟ್ಟು ಓದಿ. ಮೊದಲ ಎಂಟು ಅಕ್ಷರ ಹೋಲಿಸಿದರೂ ಸಾಕು. ಎರಡೂ ಒಂದೇ ಆಗಿದ್ದರೆ ನಿಮ್ಮ ಎರಡು ಒಎಸ್‌ಗಳು ಎರಡು ಡಿಸ್ಕಿನಲ್ಲಿದ್ದರೂ ಬಾಗಿಲು ಒಂದೇ ಡಿಸ್ಕಿನಲ್ಲಿದೆ. ಬೇರೆ ಬೇರೆ ಆಗಿದ್ದರೆ ನಿಮ್ಮ ವ್ಯವಸ್ಥೆ ಸರಿಯಾಗಿದೆ, ತೊಂದರೆಯನ್ನು ಬೇರೆ ಕಡೆ ಹುಡುಕಬೇಕು. ಈ ಒಂದು ಹೋಲಿಕೆಯನ್ನು ಯಂತ್ರ ಚೆನ್ನಾಗಿರುವಾಗಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಕಮಾಂಡ್ ಬೇಡ ಎನ್ನುವವರಿಗೆ ಕೈಯಿಂದ ಮಾಡುವ ಪರೀಕ್ಷೆ ಇದೆ. ಡೆಸ್ಕ್‌ಟಾಪ್ ಆದರೆ ಪೂರ್ತಿ ಆಫ್ ಮಾಡಿ, ಗೋಡೆಯ ಸ್ವಿಚ್ಚನ್ನೂ ಆರಿಸಿ, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟು ಹೋಗಲು ಬಿಡಿ. ನಂತರ ವಿಂಡೋಸ್ ಡಿಸ್ಕಿನ ಸಾಟಾ ಕೇಬಲ್ ಬಿಚ್ಚಿ ಆನ್ ಮಾಡಿ. ಲಿನಕ್ಸ್ ಒಂಟಿಯಾಗಿ ಏಳಬೇಕು. ಮತ್ತೆ ಅದನ್ನು ಜೋಡಿಸಿ ಲಿನಕ್ಸ್ ಡಿಸ್ಕ್ ಬಿಚ್ಚಿ. ವಿಂಡೋಸ್ ಒಂಟಿಯಾಗಿ ಏಳಬೇಕು. ಇಲ್ಲಿ ಎರಡು ಎಚ್ಚರ. ಕೆಲವು ಮದರ್‌ಬೋರ್ಡುಗಳು ಡಿಸ್ಕ್ ಕಾಣದಿದ್ದ ಕೂಡಲೇ ಅದರ ಸಾಲನ್ನು ಪಟ್ಟಿಯಿಂದ ಅಳಿಸುತ್ತವೆ, ಮತ್ತೆ ಜೋಡಿಸಿದಾಗ ಲಿನಕ್ಸಿನ ಸಾಲು ತಾನಾಗಿ ಬಾರದೆ ಹೋಗಬಹುದು. ಅದನ್ನು ಮತ್ತೆ ಸೇರಿಸಬಹುದು, ಆದರೂ ಪರೀಕ್ಷೆಗೆ ಮುನ್ನ ಪಟ್ಟಿಯ ಫೋಟೊ ಇರಲಿ. ಇನ್ನೊಂದು, ಲಿನಕ್ಸಿನಲ್ಲಿ ವಿಂಡೋಸ್ ಡಿಸ್ಕಿನ ಡಿ ಡ್ರೈವ್ ತಾನಾಗಿ ತೆರೆದುಕೊಳ್ಳುವಂತೆ ಮಾಡಿಟ್ಟಿದ್ದರೆ, ಡಿಸ್ಕ್ ಬಿಚ್ಚಿದಾಗ ಲಿನಕ್ಸ್ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡಿಗೆ ಹೋಗಿ ನಿಲ್ಲಬಹುದು. ಅದು ಬೂಟ್ ದೋಷವಲ್ಲ. ಏಳುವಾಗ ತೆರೆಯಬೇಕಾದ ಡ್ರೈವುಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಆ ಡ್ರೈವಿನ ಸಾಲಿಗೆ ‘ನೋಫೇಲ್’ ಎಂಬ ಪದ ಸೇರಿಸಿದರೆ ಡಿಸ್ಕ್ ಇಲ್ಲದಿದ್ದರೂ ಲಿನಕ್ಸ್ ಮುಂದೆ ಹೋಗುತ್ತದೆ.

ಯುಇಎಫ್‌ಐ ಬರುವುದಕ್ಕೂ ಹಿಂದಿನ ಯಂತ್ರಗಳ ಕತೆ ಸರಳ. ಅಲ್ಲಿ ಪ್ರತಿ ಡಿಸ್ಕಿನ ಮೊದಲ 512 ಬೈಟ್‌ಗಳೇ ಬಾಗಿಲು. ಅದರಲ್ಲಿ 446 ಬೈಟ್ ಬೂಟ್ ಕೋಡಿಗೆ ಮೀಸಲು. ಯಾವ ಡಿಸ್ಕ್ ಮೊದಲು ಎಂದು ಬಯೋಸಿಗೆ ಹೇಳಿದರೆ ಸಾಕು. ತೊಡಕು ಹುಟ್ಟುವುದು ಒಂದು ಒಎಸ್ ಹಳೆಯ ವಿಧಾನದಲ್ಲೂ ಇನ್ನೊಂದು ಯುಇಎಫ್‌ಐ ವಿಧಾನದಲ್ಲೂ ಇದ್ದಾಗ. ಆಗ ಒಂದರ ಮೆನುವಿನಿಂದ ಇನ್ನೊಂದನ್ನು ಎಬ್ಬಿಸಲು ಆಗುವುದಿಲ್ಲ, ಬೂಟ್ ಮೆನುವೇ ಗತಿ.

ಡಿಸ್ಕ್ ಬೇರೆಯಾದರೆ ಸಾಲದು ಎಂಬುದಕ್ಕೆ 2024ರ ಆಗಸ್ಟ್‌ಗಿಂತ ಸ್ಪಷ್ಟವಾದ ಸಾಕ್ಷಿ ಬೇಡ. ಆ ತಿಂಗಳ 13ರಂದು ಬಂದ ವಿಂಡೋಸ್ ಅಪ್‌ಡೇಟ್ ಹಾಕಿಕೊಂಡ ಅನೇಕರ ಯಂತ್ರಗಳಲ್ಲಿ ಮರುದಿನ ಲಿನಕ್ಸ್ ಏಳಲಿಲ್ಲ. ಏನೋ ಗಂಭೀರವಾಗಿ ತಪ್ಪಿದೆ, ಎಸ್‌ಬಿಎಟಿ ಪರೀಕ್ಷೆ ವಿಫಲವಾಗಿದೆ ಎಂಬ ಅರ್ಥದ ಸಾಲು ತೋರಿಸಿ ಯಂತ್ರ ಆಫ್ ಆಗುತ್ತಿತ್ತು. ನಡೆದದ್ದು ಇಷ್ಟು. ಗ್ರಬ್‌ನಲ್ಲಿ 2022ರಲ್ಲಿ ಪತ್ತೆಯಾಗಿದ್ದ ಒಂದು ಭದ್ರತಾ ಲೋಪವನ್ನು ಮುಚ್ಚಲು, ಹಳೆಯ ಬೂಟ್ ಲೋಡರುಗಳನ್ನು ಇನ್ನು ಒಳಗೆ ಬಿಡಬೇಡ ಎಂಬ ಎಸ್‌ಬಿಎಟಿ ಸೂಚನೆಯನ್ನು ಆ ಅಪ್‌ಡೇಟ್ ಮದರ್‌ಬೋರ್ಡಿನ ಭದ್ರತಾ ದಾಖಲೆಗೆ ಬರೆಯಿತು. ಲಿನಕ್ಸ್ ಜೊತೆಗಿರುವ ಯಂತ್ರಗಳಿಗೆ ಇದು ಅನ್ವಯಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತ್ತು. ಆದರೆ ಜೊತೆಗಿರುವುದನ್ನು ಗುರುತಿಸುವ ಅದರ ವಿಧಾನ ಎಲ್ಲ ಯಂತ್ರಗಳಲ್ಲೂ ಫಲಿಸಲಿಲ್ಲ. ದಾಖಲೆ ಇದ್ದದ್ದು ಮದರ್‌ಬೋರ್ಡಿನಲ್ಲಿ. ಹಾಗಾಗಿ ಲಿನಕ್ಸ್ ಅದೇ ಡಿಸ್ಕಿನಲ್ಲಿದ್ದರೇನು, ಬೇರೆ ಡಿಸ್ಕಿನಲ್ಲಿದ್ದರೇನು, ಬಾಗಿಲಲ್ಲೇ ತಡೆ. 2025ರ ಮೇ ತಿಂಗಳ ಅಪ್‌ಡೇಟಿನಲ್ಲಿ ಇದನ್ನು ಸರಿಪಡಿಸಿದ್ದೇವೆ ಎಂದು ಕಂಪನಿ ಹೇಳಿತು.

ಈ ತೊಂದರೆಗೆ ಪರಿಹಾರ ಚಿಕ್ಕದು. ಸೆಟಪ್ಪಿನಲ್ಲಿ ಸೆಕ್ಯೂರ್ ಬೂಟನ್ನು ಆಫ್ ಮಾಡಿ ಲಿನಕ್ಸಿಗೆ ಹೋಗುವುದು, ಎಂಒಕೆಯುಟಿಲ್ ಎಂಬ ಉಪಕರಣದಿಂದ ಆ ಎಸ್‌ಬಿಎಟಿ ನಿಯಮವನ್ನು ಅಳಿಸುವುದು, ಲಿನಕ್ಸಿನ ಬೂಟ್ ಫೈಲುಗಳನ್ನು ಹೊಸ ಆವೃತ್ತಿಗೆ ತರುವುದು, ಮತ್ತೆ ಸೆಕ್ಯೂರ್ ಬೂಟ್ ಆನ್ ಮಾಡುವುದು. ಆದರೆ ಸೆಕ್ಯೂರ್ ಬೂಟ್‌ಗೆ ಕೈಹಾಕುವ ಮುನ್ನ ಒಂದು ಮಾತನ್ನು ಒತ್ತಿ ಹೇಳಲೇಬೇಕು. ವಿಂಡೋಸ್ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ, ಬೂಟ್ ವ್ಯವಸ್ಥೆ ಬದಲಾದದ್ದನ್ನು ಕಂಡು ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಆ ಡಿಸ್ಕನ್ನು ಯಾರಿಂದಲೂ ತೆರೆಯಲು ಆಗುವುದಿಲ್ಲ, ಅಂಗಡಿಯವರಿಂದಲೂ ಇಲ್ಲ, ಮೈಕ್ರೋಸಾಫ್ಟ್‌ನಿಂದಲೂ ಇಲ್ಲ. ‘ನಾನು ಬಿಟ್‌ಲಾಕರ್ ಹಾಕಿಯೇ ಇಲ್ಲ’ ಎಂದು ಧೈರ್ಯವಾಗಿರಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕಿನ ಬೀಗ ತಾನಾಗಿಯೇ ಬೀಳುವುದುಂಟು. ಆಗ ಕೀ ಆ ಖಾತೆಯಲ್ಲಿ ಉಳಿದಿರುತ್ತದೆ. ಫೋನಿನಿಂದಲೇ ಖಾತೆಗೆ ಹೋಗಿ ಅದನ್ನು ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಎರಡು ಒಎಸ್ ಇರುವ ಯಂತ್ರದ ಮಾಲೀಕರಿಗೆ ನಾನು ಕೊಡುವ ಸಲಹೆಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಏಳುವ ತೊಂದರೆಯಲ್ಲದಿದ್ದರೂ ಜನರನ್ನು ಕಾಡುವ ಇನ್ನೆರಡು ಸಂಗತಿಗಳಿವೆ. ಒಂದು, ಲಿನಕ್ಸಿನಿಂದ ವಿಂಡೋಸ್ ಡಿಸ್ಕಿನ ಫೈಲು ತೆರೆಯುತ್ತದೆ, ಆದರೆ ಬರೆಯಲು ಬಿಡುವುದಿಲ್ಲ. ಡಿಸ್ಕ್ ಹಾಳಾಗಿದೆ ಎಂದುಕೊಳ್ಳುತ್ತಾರೆ. 2012ರ ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಇದಕ್ಕೆ ಕಾರಣ. ಅದು ಆನ್ ಇದ್ದಾಗ ಶಟ್‌ಡೌನ್ ಮಾಡಿದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಪೂರ್ತಿ ಮುಚ್ಚಿ ಏಳುತ್ತದೆ. ಮಲಗಿರುವ ವಿಂಡೋಸಿನ ಡಿಸ್ಕಿಗೆ ಬರೆದರೆ ಫೈಲುಗಳು ಹಾಳಾದಾವು ಎಂದು ಲಿನಕ್ಸ್ ತಡೆಯುತ್ತದೆ, ಮತ್ತು ತಡೆಯುವುದೇ ಸರಿ. ಬಲವಂತವಾಗಿ ತೆರೆಯುವ ಉಪಾಯಗಳನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ಪನ್ನು ಆಫ್ ಮಾಡಿ.

ಇನ್ನೊಂದು ಗಡಿಯಾರ. ಲಿನಕ್ಸಿನಿಂದ ವಿಂಡೋಸಿಗೆ ಬಂದರೆ ಗಂಟೆ ಐದೂವರೆ ತಾಸು ಹಿಂದಿರುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಬರೆಯುವುದು ಜಾಗತಿಕ ಸಮಯ, ವಿಂಡೋಸ್ ಓದುವುದು ಅದನ್ನು ನಮ್ಮೂರಿನ ಸಮಯ ಎಂದು. ಮಧ್ಯಾಹ್ನ 12 ಗಂಟೆ ವಿಂಡೋಸಿಗೆ ಬೆಳಿಗ್ಗೆ 6.30 ಆಗಿ ಕಾಣುತ್ತದೆ. ನಮ್ಮ ದೇಶದಲ್ಲಿ ಈ ವ್ಯತ್ಯಾಸ ಸರಿಯಾಗಿ 5 ಗಂಟೆ 30 ನಿಮಿಷವೇ ಇರುವುದರಿಂದ ಗುರುತಿಸುವುದು ಸುಲಭ. ಅಷ್ಟೇ ತಪ್ಪಿದ್ದರೆ ಮದರ್‌ಬೋರ್ಡಿನ ಸೆಲ್ ಬದಲಿಸುವ ಅಗತ್ಯವಿಲ್ಲ, ಲಿನಕ್ಸಿಗೆ ಸ್ಥಳೀಯ ಸಮಯವನ್ನೇ ಇಟ್ಟುಕೋ ಎಂದು ಟೈಮ್‌ಡೇಟ್‌ಸಿಟಿಎಲ್ ಕಮಾಂಡಿನಲ್ಲಿ ಹೇಳಿದರೆ ಸಾಕು. ಗಡಿಯಾರ ವರ್ಷಗಳಷ್ಟೇ ಹಿಂದೆ ಹೋಗುತ್ತಿದ್ದರೆ ಆಗ ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದಿದೆ ಎಂದರ್ಥ.

ಗ್ರಬ್ ಮೆನುವಿನಲ್ಲಿ ವಿಂಡೋಸ್ ಕಾಣುತ್ತಿಲ್ಲ ಎಂಬ ದೂರೂ ಇದೆ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಒಎಸ್‌ಗಳನ್ನು ಹುಡುಕುವ ಕೆಲಸವನ್ನು ಭದ್ರತೆಯ ಕಾರಣಕ್ಕೆ ಆಫ್ ಮಾಡಿಡಲಾಗಿದೆ. ಬೇಕಾದವರು ಗ್ರಬ್‌ನ ಸೆಟ್ಟಿಂಗ್ಸ್ ಫೈಲಿನಲ್ಲಿ ಒಎಸ್-ಪ್ರೋಬರ್ ಕುರಿತ ಸಾಲನ್ನು ಬದಲಿಸಿ ಮೆನುವನ್ನು ಹೊಸದಾಗಿ ಬರೆಸಬಹುದು. ಡಿಸ್ಕ್ ಎರಡಿರುವ ಕಡೆ ನಾನು ಅದನ್ನು ಆನ್ ಮಾಡಿಸುವುದಿಲ್ಲ. ಒಂದರ ಮೆನುವಿನಲ್ಲಿ ಇನ್ನೊಂದು ಇರದಿದ್ದರೆ ಒಂದರ ತೊಂದರೆ ಇನ್ನೊಂದಕ್ಕೆ ತಗಲುವ ದಾರಿಯೂ ಒಂದು ಕಡಿಮೆ. ಎಫ್12 ಒತ್ತಿ ಆರಿಸಿಕೊಳ್ಳುವುದು ದೊಡ್ಡ ಶ್ರಮವಲ್ಲ.

ಎರಡರ ಬಾಗಿಲೂ ಒಂದೇ ಡಿಸ್ಕಿನಲ್ಲಿ ಸಿಕ್ಕಿಕೊಂಡಿದೆ ಎಂದು ಪತ್ತೆಯಾದರೆ ಬಿಡಿಸುವುದು ಹೀಗೆ. ಬೇಕಾದ ಫೈಲುಗಳ ಪ್ರತಿ ಬೇರೆಡೆ ಇಟ್ಟುಕೊಂಡು, ಲೈವ್ ಪೆನ್‌ಡ್ರೈವಿನಿಂದ ಎದ್ದು, ಲಿನಕ್ಸ್ ಡಿಸ್ಕಿನಲ್ಲಿ ಅರ್ಧ ಜಿಬಿಯಷ್ಟು ಜಾಗ ಬಿಡಿಸಿ ಎಫ್‌ಎಟಿ32 ಮಾದರಿಯ ಇಎಫ್‌ಐ ಪಾರ್ಟಿಷನ್ ಮಾಡಿ. ಪೆನ್‌ಡ್ರೈವನ್ನು ಬೂಟ್ ಮೆನುವಿನಲ್ಲಿ ಆರಿಸುವಾಗ ಯುಇಎಫ್‌ಐ ಎಂದಿರುವ ಸಾಲನ್ನೇ ಆರಿಸಿರಬೇಕು, ಇಲ್ಲದಿದ್ದರೆ ಮುಂದಿನ ಹೆಜ್ಜೆಗಳು ಫಲಿಸುವುದಿಲ್ಲ. ಡಿಸ್ಕಿನಲ್ಲಿರುವ ಲಿನಕ್ಸಿನೊಳಗೆ ಸಿಎಚ್‌ರೂಟ್ ಎಂಬ ಕಮಾಂಡಿನ ಮೂಲಕ ಹೊಕ್ಕು, ಎಫ್‌ಎಸ್‌ಟ್ಯಾಬಿನಲ್ಲಿ ಹಳೆಯ ಇಎಫ್‌ಐ ಪಾರ್ಟಿಷನ್ನಿನ ಗುರುತನ್ನು ತೆಗೆದು ಹೊಸದರ ಗುರುತು ಬರೆದು, ಅದನ್ನು ಅದರ ಜಾಗಕ್ಕೆ ಮೌಂಟ್ ಮಾಡಿ, ಗ್ರಬ್ ಅನ್ನು ಮತ್ತೆ ಹಾಕಿ. ಎಸ್‌ಡಿಎ, ಎಸ್‌ಡಿಬಿ ಎಂಬ ಡಿಸ್ಕಿನ ಹೆಸರುಗಳು ಒಂದು ಬೂಟಿನಿಂದ ಇನ್ನೊಂದಕ್ಕೆ ಅದಲುಬದಲಾಗಬಹುದು. ಹೆಸರನ್ನು ನಂಬದೆ ಗಾತ್ರ, ಕಂಪನಿ, ಗುರುತು ಮೂರನ್ನೂ ನೋಡಿಯೇ ಎಂಟರ್ ಒತ್ತಿ. ಬಾಗಿಲು ಕಳೆದುಕೊಂಡದ್ದು ವಿಂಡೋಸ್ ಆಗಿದ್ದರೆ, ವಿಂಡೋಸ್ ಪೆನ್‌ಡ್ರೈವಿನ ಕಮಾಂಡ್ ಪ್ರಾಂಪ್ಟಿನಲ್ಲಿ ಬಿಸಿಡಿಬೂಟ್ ಎಂಬ ಒಂದೇ ಕಮಾಂಡ್ ಅದರ ಬೂಟ್ ಫೈಲುಗಳನ್ನು ಹೊಸ ಪಾರ್ಟಿಷನ್ನಿಗೆ ಬರೆದುಕೊಡುತ್ತದೆ.

ಇದನ್ನೆಲ್ಲ ಸ್ವತಃ ಮಾಡಲು ಅಂಜಿಕೆಯಾದರೆ ಬಲ್ಲವರಿಂದ ಮಾಡಿಸಿ, ತಪ್ಪಿಲ್ಲ. ಮಾಡಿದ ಮೇಲೆ ಅವರ ಎದುರಿಗೇ ಎರಡು ಡಿಸ್ಕುಗಳನ್ನೂ ಒಂದೊಂದಾಗಿ ಬಿಚ್ಚಿಸಿ, ಉಳಿದದ್ದು ಒಂಟಿಯಾಗಿ ಏಳುತ್ತದೆಯೇ ನೋಡಿಕೊಳ್ಳಿ. ಹೊಸದಾಗಿ ಎರಡನೆಯ ಒಎಸ್ ಹಾಕಿಸುವವರು ಮಾತ್ರ ಈ ಪಾಡನ್ನೆಲ್ಲ ಪಡಬೇಕಿಲ್ಲ. ಇನ್‌ಸ್ಟಾಲ್ ಶುರು ಮಾಡುವ ಮುನ್ನ ಹಳೆಯ ಡಿಸ್ಕಿನ ಕೇಬಲ್ಲನ್ನು ಬಿಚ್ಚಿಡಲು ಹೇಳಿ. ಕಣ್ಣಿಗೆ ಒಂದೇ ಡಿಸ್ಕ್ ಕಾಣುವಾಗ ಇನ್‌ಸ್ಟಾಲರ್ ಬಾಗಿಲನ್ನು ಬೇರೆಲ್ಲಿಗೂ ಒಯ್ಯಲಾರದು.